ಟೀಪಾಟ್ ಕೊಳ್ಳುವ ಮುಂಚೆ ನೀರು ಸುರಿದು ನೋಡಿ

ಕೈಯಲ್ಲಿ ಮಾಡಿದ ಪಿಂಗಾಣಿ ಟೀಪಾಟ್ ಕೊಳ್ಳಲು ಬರುವವರು ಮೊದಲು ನೋಡುವುದು ಅದರ ಮೇಲಿನ ಹೂಬಳ್ಳಿಯನ್ನು. ಚಿತ್ರ ಆಮೇಲೆ ನೋಡಿ, ಮೊದಲು ನೀರು ತುಂಬಿಸಿ ಸುರಿಯಿರಿ. ಅಂಗಡಿಯವರು ಬೇಡ ಅಂದರೆ ಸುಮ್ನೆ ಎದ್ದು ಬನ್ನಿ.

ಧಾರೆ ಒಂದೇ ಸಮ ಬರಬೇಕು, ಕೈ ಎತ್ತಿದಾಗ ಥಟ್ಟನೆ ನಿಲ್ಲಬೇಕು. ಮೂತಿಯ ತುದಿ ದಪ್ಪಗೆ ದುಂಡಗೆ ಇದ್ದರೆ ಕೊನೆಯ ಹನಿ ಹಿಂದಕ್ಕೆ ತಿರುಗಿ, ಮೂತಿಯ ಅಡಿಯಲ್ಲೇ ಇಳಿದು, ಮೇಜಿನ ಬಟ್ಟೆಗೆ ಕಲೆ ಮಾಡುತ್ತದೆ. ತುದಿಯ ಅಂಚು ಚೂಪಾಗಿರಲಿ. ಅದು ಪಾಟಿನ ಬಾಯಿಗಿಂತ ಕೆಳಗಿದ್ದರೆ ಪಾಟ್ ತುಂಬುವ ಮೊದಲೇ ನೀರು ಹೊರಗೆ. ಇನ್ನು ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದಲ್ವಾ, ಸುರಿಯುತ್ತಿರುವಾಗಲೇ ಅದನ್ನು ಬೆರಳಿನಿಂದ ಮುಚ್ಚಿ. ಧಾರೆ ನಿಂತರೆ ಮುಚ್ಚಳ ಬಿಗಿಯಾಗಿ ಕೂತಿದೆ ಅಂತ ಲೆಕ್ಕ.

ಇಷ್ಟನ್ನು ಸರಿ ಮಾಡುವುದಕ್ಕೇ ದುಡ್ಡು ಹೋಗುವುದು. ಪಿಂಗಾಣಿ ಮಣ್ಣು ಮಹಾ ಹಠಮಾರಿ. 1280ರಿಂದ 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೆತ್ತಗಾಗಿ ಬಾಗುತ್ತದೆ, ಹಸಿ ಅಳತೆಗಿಂತ ಸುಮಾರು ಶೇಕಡ 12ರಿಂದ 15ರಷ್ಟು ಕುಗ್ಗುತ್ತದೆ. ತಿಗರಿಯ ಮೇಲೆ ಎಳೆದ ಮೂತಿಯಂತೂ ಭಟ್ಟಿಯೊಳಗೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಅದಕ್ಕೇ ಪಾಟ್ ಮಾಡುವ ನಾವು ಹಸಿ ಇದ್ದಾಗ ತುದಿಯನ್ನು ಬೇಕೆಂದೇ ಓರೆಯಾಗಿ ಕತ್ತರಿಸುತ್ತೇವೆ, ಬೆಂದು ಬಂದಾಗ ನೇರವಾಗಲಿ ಅಂತ. ಮುಚ್ಚಳವನ್ನೂ ಪಾಟಿನ ಮೇಲಿಟ್ಟೇ ಸುಡುತ್ತೇವೆ. ಎರಡೂ ಒಟ್ಟಿಗೆ ಬಾಗಿ ಒಟ್ಟಿಗೆ ಕುಗ್ಗಿದರೆ ಮಾತ್ರ ಜೋಡಿ ಸರಿ ಹೋಗುತ್ತದೆ. ಅವು ಕೂಡುವ ಜಾಗದಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಚ್ಚುವುದಿಲ್ಲ, ಹಚ್ಚಿದರೆ ಕರಗಿ ಅಂಟಿಕೊಳ್ಳುತ್ತವೆ. ಆ ಒರಟು ಅಂಚನ್ನು ತೋರಿಸಿ ಚೌಕಾಸಿ ಮಾಡುವವರೂ ಇದ್ದಾರೆ!

ದಿನಬಳಕೆಗೆ ಪಿಂಗಾಣಿಯೇ ಯಾಕೆ? ಚೀನಾದ ಯಿಶಿಂಗ್ ಊರಿನ ಮಣ್ಣಿನ ಪಾಟ್‌ಗೆ ಗ್ಲೇಜ್ ಇರುವುದಿಲ್ಲ, ಚಹಾದ ವಾಸನೆ ಅದಕ್ಕೆ ಹತ್ತುತ್ತದೆ, ಹಾಗಾಗಿ ಒಂದು ಪಾಟ್‌ಗೆ ಒಂದೇ ಬಗೆಯ ಚಹಾ ಅಂತ ಮೀಸಲಿಡುವವರು ಜಾಸ್ತಿ. ಚೀನಾದಲ್ಲೇ ಪಿಂಗಾಣಿಗೆ ಹೆಸರಾದ ಜಿಂಗ್‌ದೆಝೆನ್ ಊರಿನ ಪಿಂಗಾಣಿ ಹಾಗಲ್ಲ, ಏನನ್ನೂ ಹೀರುವುದಿಲ್ಲ. ಬೆಳಿಗ್ಗೆ ಗ್ರೀನ್ ಟೀ, ಸಂಜೆ ಡಾರ್ಜಿಲಿಂಗ್, ನಡುವೆ ಬಿಸಿನೀರಲ್ಲಿ ತೊಳೆದರೆ ಸಾಕು.

ಹಾಲು, ಶುಂಠಿ ಹಾಕಿ ಕುದಿಸುವ ನಮ್ಮ ಚಹಾಕ್ಕೆ ಸ್ಟೀಲ್ ಪಾತ್ರೆಯೇ ಸರಿ. ಪಿಂಗಾಣಿಯನ್ನು ಒಲೆಯ ಮೇಲೆ ಇಡಲೇಬೇಡಿ, ಬಿರುಕು ಬಿಡುತ್ತದೆ. ಗಾತ್ರದ ವಿಷಯದಲ್ಲಿ ದುರಾಸೆ ಬೇಡ. ಇಬ್ಬರಿಗೆ 300 ಮಿಲಿಲೀಟರ್ ಧಾರಾಳ. ದೊಡ್ಡದು ಕೊಂಡರೆ ಅರ್ಧ ಚಹಾ ಎಲೆಯ ಜೊತೆಗೇ ಉಳಿದು ಎರಡನೇ ಕಪ್ ಕಹಿಯಾಗುತ್ತದೆ. ಒಳಗೆ ಕಂದು ಕಲೆ ಕೂತರೆ ಅಡುಗೆ ಸೋಡ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ, ಹೋಗುತ್ತದೆ.