21 ದಿನ ಕಳೆದರೂ ಚಟ ಬಿಡುತ್ತಿಲ್ಲ, ಯಾಕೆ?

ಪ್ರಶ್ನೆ: ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಮೊಬೈಲ್ ಕೈಗೆ ಬರುತ್ತೆ. ಹಾಸಿಗೆಯಲ್ಲೇ ಮುಕ್ಕಾಲು ಗಂಟೆ ಕಳೆದುಹೋಗುತ್ತೆ. 21 ದಿನ ತಡೆದುಕೊಂಡರೆ ಚಟ ಬಿಡುತ್ತೆ ಅಂತಾರೆ. ಎರಡು ಸಲ 21 ದಿನ ಮುಗಿಸಿದೆ. 22ನೇ ದಿನ ಮತ್ತೆ ಅದೇ ಕಥೆ. ನನ್ನ ಮನಸ್ಸೇ ಗಟ್ಟಿ ಇಲ್ವಾ?

ಉತ್ತರ: ಮನಸ್ಸು ಗಟ್ಟಿ ಇಲ್ಲದವರು 21 ದಿನ ತಡೆದುಕೊಳ್ಳುವುದಿಲ್ಲ, ಅದೂ ಎರಡು ಸಲ. ತಪ್ಪಿರುವುದು ಆ ಲೆಕ್ಕ.

ಈ 21 ಬಂದದ್ದು ಒಬ್ಬ ಪ್ಲಾಸ್ಟಿಕ್ ಸರ್ಜನ್‌ನಿಂದ. ಮೂಗು ತಿದ್ದಿಸಿಕೊಂಡವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಅಮೆರಿಕದ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತಮ್ಮ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆ ಅಂದರೂ' ಬಿದ್ದುಹೋಯಿತು. ಮೂಗೂ ಬಿದ್ದುಹೋಯಿತು. ಉಳಿದದ್ದು 21 ಮಾತ್ರ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಇದನ್ನು ಸರಿಯಾಗಿ ಅಳೆದು ನೋಡಿದರು. 96 ಜನ 12 ವಾರ ದಿನಾ ಒಂದು ಸಣ್ಣ ಕೆಲಸ ಮಾಡಿದರು. ಊಟದ ಜೊತೆ ಒಂದು ಬಾಟಲಿ ನೀರು ಕುಡಿಯುವಂಥದ್ದು. ಅದು ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಹಿಡಿಯುವ ಕಾಲ, ಅವರ ಅಂದಾಜಿನಲ್ಲಿ, ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254. ನಡುಮಧ್ಯದ ಲೆಕ್ಕ 66. ಅದೂ ಹೊಸ ಅಭ್ಯಾಸ ಕಟ್ಟುವ ಲೆಕ್ಕ, ಹಳೆಯದನ್ನು ಬಿಡುವುದಲ್ಲ.

ಬಿಡುವುದು ಯಾಕೆ ಕಷ್ಟ ಎಂದು ತಿಳಿಯಬೇಕಾದರೆ ಪಾಪ್‌ಕಾರ್ನ್ ಪ್ರಯೋಗ ನೋಡಬೇಕು. ನನಗೆ ಇದು ಬಹಳ ಇಷ್ಟ. ಅಮೆರಿಕದ ಮನೋವಿಜ್ಞಾನಿ ವೆಂಡಿ ವುಡ್ ಅವರ ತಂಡ ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗಷ್ಟೇ ಹುರಿದ ಪಾಪ್‌ಕಾರ್ನ್ ಕೊಟ್ಟಿತು, ಕೆಲವರಿಗೆ ಒಂದು ವಾರದ ಹಿಂದಿನದು. ಥಿಯೇಟರಿನಲ್ಲಿ ಯಾವಾಗಲೂ ಪಾಪ್‌ಕಾರ್ನ್ ತಿನ್ನುವ ರೂಢಿ ಇದ್ದವರು ಆ ಮೆತ್ತಗಾದದ್ದನ್ನೂ ಹೆಚ್ಚುಕಡಿಮೆ ಅಷ್ಟೇ ತಿಂದರು. ಚೆನ್ನಾಗಿಲ್ಲ ಎಂದು ಗೊತ್ತಿತ್ತು, ಆದರೂ ಕೈ ನಿಲ್ಲಲಿಲ್ಲ. ಮೀಟಿಂಗ್ ರೂಮಿನಲ್ಲಿ ಕೂರಿಸಿ ಕೊಟ್ಟಾಗ ಅಂಥ ರೂಢಿಯವರೂ ಹಳಸಿದ್ದನ್ನು ಕಡಿಮೆ ತಿಂದರು. ಥಿಯೇಟರಿನಲ್ಲೇ ಕೂತು, ಬಲಗೈಯವರು ಎಡಗೈಯಲ್ಲಿ ತಿನ್ನಬೇಕಾದಾಗಲೂ ಹಳಸಿದ್ದು ಕಡಿಮೆ ಖರ್ಚಾಯಿತು.

ಅಂದರೆ ಕೈಯನ್ನು ನಡೆಸುತ್ತಿದ್ದದ್ದು ನಾಲಿಗೆಯ ಆಸೆಯಲ್ಲ, ಆ ಕತ್ತಲೆ, ಆ ಸೀಟು. ನಿಮ್ಮ ವಿಷಯದಲ್ಲಿ ಅದು ದಿಂಬಿನ ಪಕ್ಕದ ಜಾಗ. ಅಲಾರಂ ಆರಿಸಲು ಮೊಬೈಲ್ ಮುಟ್ಟುತ್ತೀರಿ, ಮುಂದಿನದು ತಾನಾಗಿಯೇ ನಡೆಯುತ್ತದೆ, ಅಲ್ವಾ?

22ನೇ ದಿನದ ಗುಟ್ಟು ಇಲಿಗಳಲ್ಲಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೆದುಳು ವಿಜ್ಞಾನಿ ಆ್ಯನ್ ಗ್ರೇಬಿಯಲ್ ಅವರ ತಂಡ ಇಲಿಗಳಿಗೆ ಒಂದು ದಾರಿ ರೂಢಿ ಮಾಡಿಸಿತು. ಬಹುಮಾನ ನಿಲ್ಲಿಸಿದಾಗ ಮೆದುಳಿನಲ್ಲಿ ಆ ರೂಢಿಯ ಗುರುತು ಮಂಕಾಯಿತು. ಮತ್ತೆ ಬಹುಮಾನ ಕೊಟ್ಟಾಗ ಬೇಗನೇ ಮರಳಿ ಬಂತು. ಹಳೆಯ ಅಭ್ಯಾಸ ಅಳಿಸಿಹೋಗುವುದಿಲ್ಲ, ಮಲಗಿರುತ್ತದೆ. ನೀವು 21 ದಿನ ಮನಸ್ಸನ್ನು ಬಿಗಿಹಿಡಿದಿರಿ, ಆದರೆ ಮೊಬೈಲ್ ದಿಂಬಿನ ಪಕ್ಕದಲ್ಲೇ ಇತ್ತು.

ಹಾಗಾಗಿ ಚಾರ್ಜರ್ ಅನ್ನು ಅಡುಗೆಮನೆಗೆ ಸಾಗಿಸಿ. ಎಬ್ಬಿಸಲು ಒಂದು ಹಳೇ ಕಾಲದ ಅಲಾರಂ ಗಡಿಯಾರ ಸಾಕು. ಎದ್ದ ಕೂಡಲೇ ಕೈ ಏನನ್ನೋ ಹುಡುಕುತ್ತದೆ, ಸುಮ್ನೆ ಖಾಲಿ ಬಿಡಬೇಡಿ. ದಿಂಬಿನ ಪಕ್ಕ ಒಂದು ಚೊಂಬು ನೀರು ಇಟ್ಟುಕೊಳ್ಳಿ. ನಾನು ಸಂಜೆ ಕಾಫಿ ಜೊತೆ ಕೋಡುಬಳೆ ತಿನ್ನುವುದನ್ನು ಬಿಡಲು ವರ್ಷಗಟ್ಟಲೆ ಶಪಥ ಮಾಡಿದ್ದೆ. ಕೊನೆಗೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಏಣಿ ತರುವಷ್ಟು ಆಸೆ ನನಗೆ ಇರಲೇ ಇಲ್ಲ ಎಂದು ಆಗ ಗೊತ್ತಾಯಿತು.

ಸಿಗರೇಟು, ಗುಟ್ಕಾದ ಮಾತೇ ಬೇರೆ. ಅಲ್ಲಿ ನಿಕೋಟಿನ್‌ಗೆ ದೇಹವೇ ಒಗ್ಗಿಹೋಗಿರುತ್ತದೆ, ಡಬ್ಬಿ ಅಟ್ಟಕ್ಕೆ ಹಾಕಿದರೆ ಸಾಲದು. ಪ್ಯಾಕೆಟ್ ಮೇಲೆಯೇ ಇರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಡಾಕ್ಟರನ್ನೂ ಕೇಳಿ.

ನಡುವೆ ಒಂದು ದಿನ ಜಾರಿದರೆ ಮೊದಲಿನಿಂದ ಎಣಿಸಬೇಡಿ. ಲ್ಯಾಲಿ ಅವರ ಅಧ್ಯಯನದಲ್ಲೂ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವಾಗಿರಲಿಲ್ಲ. ಇನ್ನು, ಸದ್ಯದಲ್ಲೇ ಮನೆ ಬದಲಿಸುವ ಯೋಚನೆ ಇದ್ದರೆ ಅದೇ ಒಳ್ಳೆಯ ಸಮಯ. ಹಾಲು ಉಕ್ಕಿಸುವ ದಿನವೇ ಚಾರ್ಜರ್ ಜಾಗ ಗೊತ್ತುಮಾಡಿ, ಮಲಗುವ ಕೋಣೆಯಿಂದ ದೂರ.