ರಿವಾಲ್ವರ್ ಕೊಳ್ಳುವುದು ಹಳೇ ಬೈಕ್ ಕೊಂಡ ಹಾಗಲ್ಲ

ಪ್ರಶ್ನೆ: ಪಕ್ಕದ ತೋಟದ ಹಿರಿಯರೊಬ್ಬರ ಹತ್ತಿರ .32 ರಿವಾಲ್ವರ್ ಇದೆ. ‘ನನಗೆ ವಯಸ್ಸಾಯ್ತು, ನೀನೇ ತಗೋ’ ಅಂತಾರೆ. ಅವರಿಗೆ ಲೈಸೆನ್ಸ್ ಇದೆ, ನನಗಿಲ್ಲ. ಈಗ ದುಡ್ಡು ಕೊಟ್ಟು ಬಾಂಡ್ ಪೇಪರ್‌ನಲ್ಲಿ ಬರೆಸಿಕೊಂಡು, ಆಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಾ?

ಉತ್ತರ: ಆಗುವುದಿಲ್ಲ. ಹಾಗೆ ಮಾಡಿದರೆ ಆ ಬಾಂಡ್ ಪೇಪರೇ ನಿಮ್ಮಿಬ್ಬರ ವಿರುದ್ಧ ಸಾಕ್ಷಿಯಾದೀತು.

ಬೈಕ್ ಕೊಂಡರೆ ಆರ್‌ಸಿಯಲ್ಲಿ ಹೆಸರು ಬದಲಾಯಿಸುತ್ತಾರೆ, ಅಲ್ವಾ? ಇಲ್ಲಿ ಹಾಗಲ್ಲ. ಲೈಸೆನ್ಸ್ ಇರುವುದು ಮನುಷ್ಯನಿಗೆ, ರಿವಾಲ್ವರಿಗಲ್ಲ. ಹಿರಿಯರ ಲೈಸೆನ್ಸ್ ನಿಮಗೆ ಬರುವುದಿಲ್ಲ. ನಿಮ್ಮದೇ ಒಂದು ಮೊದಲು ಆಗಬೇಕು, ಆಮೇಲೆ ರಿವಾಲ್ವರ್ ಅದರೊಳಗೆ ದಾಖಲಾಗಬೇಕು. 1959ರ ಆಯುಧ ಕಾಯ್ದೆ ಹೇಳುವ ಕ್ರಮ ಇದು. ನೀವು ಅದನ್ನು ತಲೆಕೆಳಗು ಮಾಡಲು ಹೊರಟಿದ್ದೀರಿ.

ಬೆಂಗಳೂರಿನಲ್ಲಾದರೆ ಅರ್ಜಿ ಪೊಲೀಸ್ ಕಮಿಷನರ್ ಕಚೇರಿಗೆ, ಜಿಲ್ಲೆಗಳಲ್ಲಿ ಡಿಸಿ ಆಫೀಸಿಗೆ. ಅಲ್ಲಿಂದ ಕಾಗದ ನಿಮ್ಮ ಠಾಣೆಗೆ ಬರುತ್ತದೆ. ಠಾಣೆಯವರು ನಿಮ್ಮ ಹಿನ್ನೆಲೆ ನೋಡುತ್ತಾರೆ. ನಿಮಗೆ 21 ತುಂಬಿರಬೇಕು. ಹೊಡೆದಾಟದಂಥ ಕೇಸಿನಲ್ಲಿ ಜೈಲು ಶಿಕ್ಷೆಯಾಗಿದ್ದರೆ, ಅದು ಮುಗಿದು ಐದು ವರ್ಷ ಕಳೆಯಬೇಕು. ಜನ ಮರೆಯುವುದು ಇನ್ನೊಂದು ವಿಷಯ: ಗದ್ದೆಯ ಬದುವಿನ ಜಗಳದಲ್ಲಿ ‘ಶಾಂತಿ ಕಾಪಾಡುತ್ತೇನೆ’ ಅಂತ ಮುಚ್ಚಳಿಕೆ ಬರೆದುಕೊಟ್ಟಿದ್ದರೆ, ಅದರ ಅವಧಿ ಮುಗಿಯುವವರೆಗೆ ಬಂದೂಕು ಕೈಗೆ ತಗೊಳ್ಳುವಂತಿಲ್ಲ. ಆರೋಗ್ಯದ ಬಗ್ಗೆ ವೈದ್ಯರ ಸರ್ಟಿಫಿಕೇಟ್, ಬಂದೂಕು ಬಳಕೆಯ ತರಬೇತಿ ಪತ್ರವೂ ಬೇಕು. ‘ಯಾಕೆ ಬೇಕು?’ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಇಟ್ಟುಕೊಳ್ಳಿ. ಸುಮ್ನೆ ಶೋಕಿಗೆ ಅಂದರೆ ಕಡತ ಮುಂದೆ ಹೋಗುವುದು ಕಷ್ಟ. 2016ರ ಆಯುಧ ನಿಯಮದ ಪ್ರಕಾರ ಠಾಣೆಯವರು 30 ದಿನದಲ್ಲಿ ವರದಿ ಕೊಡಬೇಕು. ನೀವು ಮಾತ್ರ ಜಾಸ್ತಿಯೇ ಕಾಯಲು ಸಿದ್ಧರಾಗಿರಿ.

ಇನ್ನು ಹಿರಿಯರ ಕಡೆಯ ಕೆಲಸ. ಯಾರಿಗೆ ಮಾರುತ್ತಿದ್ದೇನೆ ಅಂತ ನಿಮ್ಮ ಹೆಸರು, ವಿಳಾಸ ಸಮೇತ ಅವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಅಲ್ಲಿಯತನಕ ರಿವಾಲ್ವರ್ ಅವರ ಬೀರುವಿನಲ್ಲೇ ಇರಲಿ. ಹಾಗೆ ತಿಳಿಸಿದ ಪತ್ರಕ್ಕೆ ಕಚೇರಿಯ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಲು ಹೇಳಿ.

ದುಡ್ಡು ಕೊಡುವ ಮುಂಚೆ ಅವರ ಲೈಸೆನ್ಸನ್ನೂ ರಿವಾಲ್ವರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಗುಂಡು ತೆಗೆದಿರಬೇಕು, ಹಾಗೆ ತೆಗೆಯುವ ಕೆಲಸ ಅವರದ್ದೇ. ತಯಾರಕರ ಹೆಸರು, ನಂಬರ್ ಒಂದೊಂದು ಅಂಕಿಯೂ ತಾಳೆಯಾಗಬೇಕು. ನಮ್ಮ ಸೋದರಮಾವನ ಕೋವಿ ಲೈಸೆನ್ಸಿನಲ್ಲಿ 3 ಇದ್ದದ್ದನ್ನು ಯಾರೋ 8 ಅಂತ ಬರೆದಿದ್ದರು. ಗೊತ್ತಾದದ್ದು ಚುನಾವಣೆಗೆ ಮುಂಚೆ ಠಾಣೆಯಲ್ಲಿ ಕೋವಿ ಠೇವಣಿ ಇಡಲು ಹೋದಾಗ. ಆ ಒಂದು ಅಂಕಿಗೆ ಮಾವ ನಾಲ್ಕು ಸಲ ಬಸ್ ಹತ್ತಿದರು. ನಂಬರ್ ಉಜ್ಜಿ ಹೋಗಿದ್ದರೆ ಮಾತ್ರ ಮುಟ್ಟಲೇಬೇಡಿ. ಅಂಥದ್ದನ್ನು ಮಾರುವುದೇ ಅಪರಾಧ. 9 ಎಂಎಂ ಪಿಸ್ತೂಲ್ ಅಂದರೂ ಅಷ್ಟೇ, ಅದು ನಿಷೇಧಿತ ಬೋರ್ (ನಳಿಕೆಯ ಅಳತೆ), ಡಿಸಿ ಕೊಡುವ ಸಾಮಾನ್ಯ ಲೈಸೆನ್ಸಿಗೆ ಸೇರುವುದಿಲ್ಲ.

ಮಾರಾಟ ಆದ ಮೇಲೆ ಅವರ ಲೈಸೆನ್ಸಿನಿಂದ ಆ ನಂಬರ್ ತೆಗೆಸಬೇಕು, ನಿಮ್ಮದರಲ್ಲಿ ಸೇರಿಸಬೇಕು. 2019ರ ತಿದ್ದುಪಡಿ ಆದಮೇಲೆ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ.

ಕೊಡಗಿನ ಓದುಗರು ‘ನಮಗೆ ಲೈಸೆನ್ಸಿನಿಂದ ವಿನಾಯಿತಿ ಇದೆ’ ಅನ್ನಬಹುದು. ನಿಜ, ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಭೂ ಹಕ್ಕು) ಹಿಡುವಳಿದಾರರಿಗೂ 2029ರವರೆಗೆ ಇದೆ. ಪಕ್ಕದ ಜಿಲ್ಲೆಯ ಉಳಿದವರಿಗೆ ಅದು ದಾಟಿ ಬರುವುದಿಲ್ಲ.

ಒಂದು ವೇಳೆ ಆ ಹಿರಿಯರಿಗೆ ಮಕ್ಕಳಿದ್ದರೆ ಅವರನ್ನೂ ಕೇಳಿಬಿಡಿ. 70 ತುಂಬಿದವರು ಬಂದೂಕನ್ನು ವಾರಸುದಾರರಿಗೆ ಕೊಡಲು ನಿಯಮದಲ್ಲೇ ದಾರಿಯಿದೆ, ಆದರೆ ಆ ಮಗ ಅಥವಾ ಮಗಳಿಗೂ ಠಾಣೆಯ ವಿಚಾರಣೆ ತಪ್ಪಿದ್ದಲ್ಲ. ನಿಮ್ಮ ಲೈಸೆನ್ಸ್ ಬರುವ ಮುಂಚೆಯೇ ಹಿರಿಯರದ್ದು ಮುಗಿಯುವ ಹಾಗಿದ್ದರೆ, ರಿವಾಲ್ವರನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಟ್ಟು ರಸೀದಿ ತಗೊಳ್ಳಲಿ. ‘ನಿಮ್ಮನೇಲೇ ಇರಲಿ ಬಿಡು’ ಅಂದರೆ ಒಂದು ರಾತ್ರಿಗೂ ಒಪ್ಪಬೇಡಿ.