ಹೆಬ್ಬೆರಳಲ್ಲಿ ಅ ಆ ಇ ಈ

"ನಾಲ್ಕು ಹೆಜ್ಜೆ ನಡೆದು ತೋರಿಸಪ್ಪ" ಎಂದೆ. ಕಣಕಾಲು ಉಳುಕಿಸಿಕೊಂಡು ಬಂದಿದ್ದ ಹುಡುಗ ಗೋಡೆ ಹಿಡಿದು ಎದ್ದ, ಹಲ್ಲು ಕಚ್ಚಿಕೊಂಡು ನಡೆದ. ಕಣಕಾಲಿನ ಎರಡೂ ಬದಿಯ ಮೂಳೆಯ ಹಿಂದಂಚು, ಪಾದದ ಹೊರ ಅಂಚು, ಒಳಕಮಾನು ಎಲ್ಲವನ್ನೂ ಒತ್ತಿ ನೋಡಿದೆ. ಮೂಳೆಯಲ್ಲಿ ನೋವಿಲ್ಲ, ಎಕ್ಸ್‌ರೇ ಬೇಡ. ಯಾರಿಗೆ ಎಕ್ಸ್‌ರೇ ಬೇಕು, ಯಾರಿಗೆ ಬೇಡ ಎಂದು ತಿಳಿಯಲು ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ದುಡ್ಡು ಉಳಿಸುವ ಇಂಥ ವಿಜ್ಞಾನದ ಮೇಲೆ ನನಗೆ ಬಹಳ ಪ್ರೀತಿ.

ಜೊತೆಗೆ ಬಂದಿದ್ದ ಅಜ್ಜಿಗೆ ಸಮಾಧಾನವಿಲ್ಲ. "ಉಳುಕು ತೆಗೆಸಿದ್ದರೆ ಸಂಜೆಗೇ ಸರಿಹೋಗುತ್ತಿತ್ತಲ್ಲವೇ ಮೇಡಂ?" ಹೊಸದಾಗಿ ಹರಿದ ಎಳೆಗಳ ಮೇಲೆ ಬಿಸಿ ಎಣ್ಣೆ ಸುರಿದು ತಿಕ್ಕಿದರೆ ಊತ ಏರುತ್ತದೆ ಅಜ್ಜಿ, ಎಂದೆ.

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ದುಗ್ಗಮ್ಮನ ಜಾತ್ರೆಯ ಆಸುಪಾಸಿನಲ್ಲಿ ಪೈಲ್ವಾನರು ಬರುತ್ತಾರೆ, ವರ್ಷವಿಡೀ ಕಬಡ್ಡಿಯವರು ಬರುತ್ತಾರೆ. ಕಪೋಯೆರಾ ಆಡುವವನು ಬಂದದ್ದು ಇದೇ ಮೊದಲು. ಬೆಂಗಳೂರಿನಲ್ಲಿ ಓದುವಾಗ ಕಲಿತನಂತೆ. ರಜೆಗೆ ಬಂದವನು ತಾರಸಿಯ ಮೇಲೆ ಲಾಗ ಹಾಕಿ, ಇಳಿಯುವಾಗ ಪಾದ ಒಳಕ್ಕೆ ಹೊರಳಿಸಿಕೊಂಡಿದ್ದ. ಬ್ರೆಜಿಲ್‌ಗೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರು ಕಟ್ಟಿ ಬೆಳೆಸಿದ ಕಲೆ ಇದು. ಕಾಳಗವೂ ಹೌದು, ಕುಣಿತವೂ ಹೌದು. 1890ರ ದಂಡಸಂಹಿತೆ ಇದನ್ನು ಅಪರಾಧವೆಂದಿತು. 2014ರಲ್ಲಿ ಯುನೆಸ್ಕೋ ಇದರ ಆಟದ ವೃತ್ತವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಮೂಲನಡೆ ಜಿಂಗಾ. ಒಂದು ಕಾಲು ಹಿಂದಕ್ಕೆ, ತುದಿಗಾಲಿನ ಮೇಲೆ ಭಾರ, ಮತ್ತೆ ಮುಂದಕ್ಕೆ, ಇನ್ನೊಂದು ಕಾಲು ಹಿಂದಕ್ಕೆ, ಎಲ್ಲೂ ನಿಲ್ಲುವಂತಿಲ್ಲ. ನೆಲಕ್ಕೆ ಕೈಯೂರಿ, ಒಂದೇ ಪಾದದ ಮೇಲೆ ತಿರುಗಿ, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಬೀಸುವ ಒದೆತವೂ ಇದೆ. ಆಗ ತಿರುಚುವ ಬಲವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಆ ಒಂದು ಕಾಲು.

ಮೂಳೆಗೆ ಮೂಳೆಯನ್ನು ಬಿಗಿದಿಡುವ ಪಟ್ಟಿಯೇ ಅಸ್ಥಿರಜ್ಜು, ಉಳುಕಿದಾಗ ಹರಿಯುವುದು ಅದೇ. ಅದು ಕೂಡಿಕೊಳ್ಳುವಾಗ ಮೊದಲು ಅಡ್ಡಾದಿಡ್ಡಿಯಾಗಿ ಹೆಣೆದ, ಬಲ ಕಡಿಮೆಯಿರುವ ಕೊಲ್ಯಾಜನ್ ಎಂಬ ಪ್ರೋಟೀನಿನ ಎಳೆಗಳು ಬರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲುಗೂಡಿ ಗಟ್ಟಿಯಾಗಲು ತಿಂಗಳುಗಳು ಬೇಕು. ಆ ದಿಕ್ಕನ್ನು ಕಲಿಸುವುದು ಹದವಾದ ಚಲನೆ, ಆದ್ದರಿಂದ ಬರೀ ಮಲಗಿದರೆ ಸಾಲದು. ರಜ್ಜುವಿನೊಳಗೆ ಪಾದ ಎಷ್ಟು ವಾಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳೂ ಇವೆ. ಉಳುಕಿದಾಗ ಆ ವರದಿಯೂ ಕೆಡುತ್ತದೆ. ನೋವು ಹೋದರೂ ಈ ಅರಿವು ಮರಳಿರುವುದಿಲ್ಲ. ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ದೊಡ್ಡ ಕಾರಣ. "ನೋವಿಲ್ಲ, ಆಡಲೇ?" ಎಂದು ಕೇಳಿದವರಿಗೆ ನಾನು ತಕ್ಷಣ ಹೂಂ ಎನ್ನದಿರುವುದು ಇದಕ್ಕೇ.

ಮೊದಲ ದಿನಗಳಲ್ಲಿ ಬಿಗಿಪಟ್ಟಿ, ಕಾಲು ಎತ್ತರದಲ್ಲಿ, ನೋವಿಗಷ್ಟೇ ಐಸ್. ಆಮೇಲೆ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿಸಿದೆ. ನಮ್ಮ ದುಂಡಕ್ಷರಗಳು ಕೀಲಿಗೆ ಹೇಳಿ ಮಾಡಿಸಿದಂತಿವೆ: ಅ, ಆ ಬರೆಯುವಷ್ಟರಲ್ಲೇ ಪಾದ ನಾಲ್ಕೂ ದಿಕ್ಕಿಗೆ ಹೊರಳುತ್ತದೆ. ಳ ಬಂದಾಗ ಹುಡುಗ ಮುಖ ಕಿವುಚಿದ. ಬರಬರುತ್ತಾ ರಬ್ಬರ್ ಪಟ್ಟಿ ಎಳೆಯುವುದು, ಮೆಟ್ಟಿಲಂಚಿನಲ್ಲಿ ಹಿಮ್ಮಡಿ ಎತ್ತುವುದು, ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು, ಅದನ್ನೇ ಕಣ್ಣು ಮುಚ್ಚಿ ಮಾಡುವುದು. ಕಣ್ಣು ಮುಚ್ಚಿದ ಕೂಡಲೇ ಅವನ ಪಾದ ನಡುಗಿ ಮೂರೆಣಿಸುವಷ್ಟರಲ್ಲಿ ಇನ್ನೊಂದು ಕಾಲು ನೆಲ ಮುಟ್ಟಿತು.

ಕಪೋಯೆರಾದಲ್ಲಿ ಆಟದ ವೇಗವನ್ನು ಬೆರಿಂಬಾವ್ ಎಂಬ ಒಂಟಿ ತಂತಿಯ ವಾದ್ಯ ನಿರ್ಧರಿಸುತ್ತದೆ. ನಾನು ಅದನ್ನೇ ಔಷಧದ ಪ್ರಮಾಣದಂತೆ ಬಳಸಿಕೊಂಡೆ: ಮೊದಲು ನಿಧಾನ ಲಯಕ್ಕೆ ಜಿಂಗಾ ಮಾತ್ರ, ಮರುದಿನ ಊತವಿಲ್ಲದಿದ್ದರೆ ಒಂದಿಷ್ಟು ವೇಗ. ಆದರೆ ನಿಧಾನದ ಆಟದಲ್ಲಿ ತಗ್ಗಿ ಕೂರುವುದು ಹೆಚ್ಚು, ಅದಕ್ಕೆ ಕಣಕಾಲು ಚೆನ್ನಾಗಿ ಮಡಚಬೇಕು. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ, ಹೆಬ್ಬೆರಳಿಗೂ ಗೋಡೆಗೂ ಇರುವ ಅಂತರವನ್ನು ಎರಡೂ ಕಾಲಿಗೆ ಅಳೆದು ಹೋಲಿಸುತ್ತಿದ್ದೆ. ಲಾಗ ಕೊನೆಗೆ, ಅದೂ ಮಣ್ಣಿನ ಮೇಲೆ.

ಎಂಟನೇ ವಾರ ಒಂಟಿಕಾಲಿನ ಜಿಗಿತ ಅಳೆದೆವು. ಒಳ್ಳೆಯ ಕಾಲು 150 ಸೆಂಟಿಮೀಟರ್, ಉಳುಕಿದ ಕಾಲು 126. ಅಂದರೆ ಒಳ್ಳೆಯ ಕಾಲಿನ ಶೇ. 84. ಆಟಕ್ಕೆ ಮರಳಲು ಕಡಿಮೆಯೆಂದರೂ ಶೇ. 90 ಬರಲಿ ಎಂಬುದು ನಮ್ಮಲ್ಲಿ ರೂಢಿಯ ಲೆಕ್ಕ. ಬೆಂಗಳೂರಿಗೆ ಟಿಕೆಟ್ ಮಾಡಿಸಿಕೊಂಡೇ ಬಂದಿದ್ದ ಹುಡುಗ ಟೇಪನ್ನು ತಾನೇ ಹಿಡಿದು ಇನ್ನೊಮ್ಮೆ ಅಳೆದ. ಅಷ್ಟೇ ಬಂತು. ಅಜ್ಜಿ ಟಿಕೆಟನ್ನು ಎರಡು ವಾರ ಮುಂದಕ್ಕೆ ಹಾಕಿಸಲು ಹೇಳಿದರು.